ಕುದುರೆ ಹಾಲು ಕರೆದ ಮೇಷ್ಟ್ರು

ಜುಮಾಕಾದಿರ್ ಮೇಷ್ಟ್ರ ಕೋಟಿಗೆ ಎರಡು ಬಣ್ಣ. ಎಡತೋಳು ಅಂಗಡಿಯಿಂದ ತಂದ ದಿನದ ಹಾಗೆಯೇ ಕಂದು. ಬಲತೋಳು ಮೊಣಕೈವರೆಗೆ ಸೀಮೆಸುಣ್ಣದ ಬಿಳುಪು. ರೇಖಾಗಣಿತದ ಪ್ರಮೇಯವೊಂದನ್ನು ಅವರು ಕಪ್ಪುಹಲಗೆಯ ಮೇಲೆ, ಮದುವೆಯೂಟ ಬಡಿಸುವವರ ಗಾಂಭೀರ್ಯದಿಂದ, ಸಾಲುಸಾಲಾಗಿ ಇಳಿಸುತ್ತ ಬಂದು, ಇನ್ನೇನು ಉತ್ತರ ಕೈಗೆ ಸಿಕ್ಕಿತು ಎನ್ನುವಾಗ ಕೊನೆಯ ಎರಡು ಸಾಲುಗಳನ್ನು ತೋಳಿನಿಂದಲೇ ಒರೆಸಿಬಿಡುತ್ತಿದ್ದರು. "ಮುಂದಿನದು ನಂಗೂ ಗೊತ್ತಿಲ್ಲ, ನೀವೇ ನೋಡಿ" ಎಂದು ಕಿಟಕಿಗೆ ಹೋಗಿ, ಬೆಟ್ಟಗಳಿಗೆ ಮುಖಮಾಡಿ ನಿಲ್ಲುವರು. ಹೆಂಡತಿ ಸಲಿಮಾ ವಾರಕ್ಕೊಮ್ಮೆ ಆ ತೋಳನ್ನು ಕೊಡವುತ್ತ, "ನಾನು ಕೈಹಿಡಿದದ್ದು ಮೇಷ್ಟ್ರನ್ನೋ ಸುಣ್ಣದ ಗೂಡನ್ನೋ" ಎಂದು ಗೊಣಗುತ್ತಿದ್ದಳು.

ನಡಿಗೆಯೂ ವಿಚಿತ್ರವೇ. ಎಲೆ ಅಲುಗದ ದಿನವೂ ಎದುರುಗಾಳಿಯನ್ನು ಭೇದಿಸುವವರಂತೆ ಮುಂದಕ್ಕೆ ಬಾಗಿ ನಡೆಯುವರು. ಹಾಗೆ ಬಾಗಿಕೊಂಡು ಅವರು ನಮ್ಮ ಬೆಟ್ಟದೂರು ಕೊಕ್-ತಾಲಿನ ಯಾವ ಮನೆಯ ಕಡೆಗೆ ತಿರುಗಿದರೂ, ಆ ಮನೆಯ ಮಗು ಲೆಕ್ಕದಲ್ಲಿ ತಪ್ಪಿದೆಯೆಂದೋ, ತಪ್ಪದೆ ದಾಟಿದೆಯೆಂದೋ ಊರಿಗೆ ಗೊತ್ತಾಗುತ್ತಿತ್ತು. ಎರಡನೆಯದೇ ಅಪರೂಪ.

ಕುದುರೆ ಸಾಕುವ ಎಸೆನ್‌ನ ಮಗಳು ಉಲ್ಕಾನ್‌ಳದು ಆ ಅಪರೂಪದ ಸಂಗತಿ. ಹದಿನೈದರ ಆ ಮೌನಿ ಹುಡುಗಿ ಒಂದು ದಿನ ಒರೆಸಿದ ಸಾಲುಗಳನ್ನು ಪುಸ್ತಕದಲ್ಲಿಲ್ಲದ ಬೇರೊಂದು ದಾರಿಯಿಂದ ತುಂಬಿದಳು. ಮೇಷ್ಟ್ರು ಅದನ್ನು ಮೂರು ಸಲ ಓದಿದರು. ಯಾರನ್ನೂ ಕೇಳದೆ ರಾಜಧಾನಿಯ ಗಣಿತಶಾಲೆಗೆ ಅವಳ ಹೆಸರು ಬರೆದುಹಾಕಿದರು. ಬೇಸಿಗೆಯಲ್ಲಿ ಅಲ್ಲಿ ನಲವತ್ತು ದಿನ ಪಾಠ, ಕೊನೆಗೆ ಪರೀಕ್ಷೆ. ಆದರೆ ಅದೇ ನಲವತ್ತು ದಿನ ಎಸೆನ್‌ನ ಸಂಸಾರ ಬೆಟ್ಟದ ಹುಲ್ಲುಗಾವಲಿನಲ್ಲಿರಬೇಕು. ಒಂಬತ್ತು ಕುದುರೆಗಳು ಹಾಲು ಕೊಡುತ್ತಿದ್ದವು. ಆ ಹಾಲಿಗೆ ಹುಳಿಯಿಟ್ಟು ಮಾರಿದರೇನೇ ಚಳಿಗಾಲಕ್ಕೆ ಹಿಟ್ಟು. ಅವನ ಹೆಂಡತಿಯ ಮುರಿದ ಮಣಿಕಟ್ಟು ಇನ್ನೂ ಕೂಡಿರಲಿಲ್ಲ.

ಮೇಷ್ಟ್ರು ಹೋದಾಗ ಎಸೆನ್ ಪದ್ಧತಿಯಂತೆ ರೊಟ್ಟಿಯ ತಟ್ಟೆ ಮುಂದಿಟ್ಟ. "ಬನ್ನಿ ಅಗಾಯ್, ರೊಟ್ಟಿ ಮುರೀರಿ." ಗುರುವನ್ನು ನಾವೆಲ್ಲ ಕರೆಯುವುದು ಹಾಗೆಯೇ, ಅಗಾಯ್.

"ಹುಡುಗಿ ವಿಷಯ ಇತ್ಯರ್ಥ ಆಗ್ಲಿ. ಆಮೇಲೆ ಮುರೀತೀನಿ."

ಎಷ್ಟೇ ಅವಸರದಲ್ಲಿದ್ದವರೂ ನಮ್ಮಲ್ಲಿ ಹೊಸ್ತಿಲಲ್ಲೇ ನಿಂತು ಒಂದು ಚೂರು ಬಾಯಿಗೆ ಹಾಕಿಕೊಂಡು ಹೋಗುತ್ತಾರೆ. ಬೇಡವೆಂದರೆ ಕೆನ್ನೆಗೆ ಬಾರಿಸಿದ ಹಾಗೆ. ಎಸೆನ್‌ನ ಮುಖ ಕೆಂಪೇರಿತು.

"ಹಗೆಯವನೂ ರೊಟ್ಟಿ ಬೇಡ ಅನ್ನಲ್ಲ! ನಾನೇನು ನನ್ನ ಮಗಳಿಗೆ ವೈರೀನಾ? ಬೆಳಗಿಂದ ಸಂಜೆವರೆಗೂ ಎರಡೆರಡು ಗಂಟೆಗೊಂದ್ಸಲ ಕರೀಬೇಕು. ಇವಳ ಕೈ ನೋಡಿದ್ರೆ ಹಿಂಗಿದೆ. ಮಗಳೂ ಹೋದ್ರೆ ಯಾರು ಕರೀತಾರೆ? ನೀವು ಕರೀತೀರಾ?"

ಅದು ಕುಹಕ. ಕುದುರೆ ಹಾಲು ಕರೆಯುವುದು ನಮ್ಮಲ್ಲಿ ಹೆಂಗಸರ ಕೆಲಸ. ಗಂಡಸು ಮರಿ ಹಿಡಿದು ನಿಂತರೆ ಅದೇ ಹೆಚ್ಚು.

"ಕರೀತೀನಿ" ಎಂದು ಮೇಷ್ಟ್ರು ರೊಟ್ಟಿಗೆ ಕೈಚಾಚಿದರು.

ಮಾತಿಗೆ ತಪ್ಪಲಿಲ್ಲ. ರಜೆ ಶುರುವಾದ ಮರುದಿನವೇ ಬೆಟ್ಟ ಹತ್ತಿದರು. ಒಂದು ಮಂಡಿಯೂರಿ, ಇನ್ನೊಂದರ ಮೇಲೆ ಬಕೆಟ್ಟು ನಿಲ್ಲಿಸಿಕೊಂಡು, ಪ್ರಮೇಯಗಳ ಪಂಡಿತರು ಕುದುರೆಯ ಕೆಚ್ಚಲಿಗೆ ಕೈಹಾಕಿದರೆ, ಮೊದಲ ವಾರ ಬಕೆಟ್ಟಿಗೆ ಬಿದ್ದದ್ದಕ್ಕಿಂತ ಹುಲ್ಲಿಗೆ ಬಿದ್ದದ್ದೇ ಜಾಸ್ತಿ. ಪಕ್ಕದ ಗುಡಾರದ ಬುರ್ಮಾ ಅಜ್ಜಿ, "ಮೆತ್ತಗೆ ಅಗಾಯ್, ಅದು ಕುದುರೆ, ಸ್ಕೂಲು ಗಂಟೆ ಅಲ್ಲ!" ಎಂದು ಕೂಗುತ್ತಿದ್ದಳು. ಗಂಡಸರು ಅದನ್ನು ನೋಡಲೆಂದೇ ಕಣಿವೆ ದಾಟಿ ಬರುತ್ತಿದ್ದರು.

"ಏನಮ್ಮಾ ಸೊಸೆ, ಹಾಲು ಎಷ್ಟಾಯ್ತು?"

"ಅರ್ಧ ಬಕೆಟ್ಟು, ಮಾವ" ಎನ್ನುವರು ಮೇಷ್ಟ್ರು, ತಲೆಯೆತ್ತದೆ. ಕಿವಿ ಮಾತ್ರ ಕೆಂಪಾಗಿರುತ್ತಿತ್ತು. ಅವರಿಗೆ ನೋವಾಗಲಿಲ್ಲವೆಂದು ಯಾರೂ ತಿಳಿಯಬಾರದು.

ಇಷ್ಟಾಗಿ ಉಲ್ಕಾನ್ ಎರಡು ಅಂಕಗಳಿಂದ ನಪಾಸಾದಳು. ಬಸ್ಸಿಳಿದು ನೇರ ಬೆಟ್ಟಕ್ಕೆ ಬಂದು, "ನನ್ನಿಂದ ನಿಮ್ಮ ಮರ್ಯಾದೆ ಹೋಯ್ತು ಅಗಾಯ್" ಎಂದು ಬಿಕ್ಕಿ ಬಿಕ್ಕಿ ಅತ್ತಳು.

"ನನ್ನ ಮರ್ಯಾದೆನ ಆ ಕಪ್ಪು ಕುದುರೆ ಮೊದಲನೇ ದಿನಾನೇ ಒದ್ದು ಕಳಿಸ್ತು. ಯಾವ ಲೆಕ್ಕ ಬರ್ಲಿಲ್ಲ, ಅದನ್ನ ಹೇಳು." ಇಬ್ಬರೂ ಕೂತು ನೆಲದ ಮೇಲೆ ಕಡ್ಡಿಯಿಂದ ತ್ರಿಭುಜ ಗೀಚತೊಡಗಿದರು. ಎಸೆನ್ ಮರಿಯ ಹಗ್ಗ ಹಿಡಿದುಕೊಂಡು ನೋಡುತ್ತ ನಿಂತಿದ್ದ.

ಮುಂದಿನ ಬೇಸಿಗೆಗೂ ಎಸೆನ್‌ನ ಹೆಂಡತಿಯ ಕೈಗೆ ಬಲ ಬಂದಿರಲಿಲ್ಲವೆಂದು ಮೇಷ್ಟ್ರು ತಾವಾಗಿಯೇ ಬೆಟ್ಟಕ್ಕೆ ಹೋದರು. ಗುಡಾರದ ಮುಂದೆ ಯಾರೋ ಮಂಡಿಯೂರಿ ಹಾಲು ಕರೆಯುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಎಸೆನ್. ಆಚೆ ಮೂವರು ಸವಾರರು ನಗುತ್ತಿದ್ದರು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

"ನೀವು ಕರೆದ್ರೆ ಅರ್ಧ ಹಾಲು ಹುಲ್ಲಿಗೇ ಹೋಗುತ್ತೆ ಅಗಾಯ್. ಹುಡುಗಿ ಗಂಟು ಕಟ್ಕೊಂಡು ಒಳಗೆ ಕೂತಿದ್ದಾಳೆ. ಬಸ್ಸು ಹತ್ತಿಸಿ ಬನ್ನಿ."

ಉಲ್ಕಾನ್ ಆ ವರ್ಷ ಪಾಸಾದಳು. ಈಗ ಅವಳು ಕಟ್ಟಿಸಿದ ಸೇತುವೆಯ ಮೇಲೆಯೇ ನಮ್ಮ ಹಿಂಡುಗಳು ಹೊಳೆ ದಾಟುತ್ತವೆ. ವಿದ್ಯೆ ಹೇಳುವವರಿಗೆ ಲೋಕದಲ್ಲಿ ಬರವಿಲ್ಲ, ಓದಿ ದೊಡ್ಡವರಾಗಿ ಎಂದು ಹರಸುವವರಿಗಂತೂ ಇಲ್ಲವೇ ಇಲ್ಲ. ಆದರೆ ಒಂದು ಮಗು ಓದಲು ಎದ್ದುಹೋದರೆ ಅದು ಬಿಟ್ಟುಹೋದ ಕೆಲಸಕ್ಕೆ ಯಾರಾದರೊಬ್ಬರು ಕೂರಲೇಬೇಕೆಂಬುದನ್ನು ಬಲ್ಲ ಗುರುಗಳು ವಿರಳ. ಅವರು ತಾವೇ ಮೊದಲು ಹೋಗಿ ಕೂತು, ಊರಿನ ನಗೆಯನ್ನೆಲ್ಲ ತಾವೇ ನುಂಗಿ, ಎರಡನೆಯವನ ನಾಚಿಕೆಯನ್ನು ಹಗುರ ಮಾಡಿರುತ್ತಾರೆ. ಅಂಥವರ ಶಾಲೆಯಲ್ಲಿ ಮಕ್ಕಳ ಜೊತೆಗೆ ಅಪ್ಪಂದಿರೂ ಪಾಠ ಕಲಿತು ಹೋಗುತ್ತಾರೆ.