ಎಡಗೈಯ ಕೊಯ್ತ

ಹಗ್ಗಕ್ಕೆ ಕಟ್ಟಿದ ಕಳ್ಳಿನ ಮಡಕೆ ತೂಗಾಡುತ್ತ ಕೆಳಗಿಳಿಯಿತು. ಕಳ್ಳಂಗಡಿಯವಳು ಎರಡೂ ಕೈ ಚಾಚಿ ಹಿಡಿದು ಮೊದಲು ಭಾರ ನೋಡಿದಳು, ಆಮೇಲೆ ಬಗ್ಗಿ ಒಳಗೆ ನೋಡಿದಳು. ನೊರೆ ಕತ್ತಿನ ತನಕ ಬಂದಿತ್ತು. ಅಷ್ಟಾದರೂ ನಂಬಿಕೆ ಬಾರದೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಹುಳಿ ಹಿಡಿದಿದ್ಯಾ?" ಮರದ ಮೇಲಿನಿಂದ ಭಾವ, ಅವಳ ಗಂಡನ ಅಣ್ಣ, ಕೇಳಿದ.

"ಇಲ್ಲ ಭಾವ. ಸಿಹಿಯಾಗೇ ಇದೆ."

"ಮತ್ಯಾಕಮ್ಮ ಮುಖ ಹಾಗೆ ಮಾಡ್ಕೊಂಡಿದ್ದೀಯ?"

ಅವಳು ನಗಲಿಲ್ಲ. ಅವಳ ನಾಲಿಗೆ ಹುಡುಕುತ್ತಿದ್ದದ್ದು ಹುಳಿಯನ್ನಲ್ಲ, ಸ್ಯಾಕರಿನ್ ಪುಡಿಯನ್ನು. ಒಣಗಿಹೋದ ಮರವನ್ನು ಮುಚ್ಚಿಡಬೇಕಾದವರು ನೀರಿಗೆ ಅದನ್ನು ಕದಡಿ ಮಡಕೆ ತುಂಬಿಸುತ್ತಾರೆ. ಮತ್ತೆ ಈ ಭಾವ ಸಂಬಳಕ್ಕಿರುವುದು ಎಲ್ಲಿ? ಸೇತುವೆಯಾಚೆಯ ಬಾಟಲಿ ಮದ್ಯದ ಅಂಗಡಿಯಲ್ಲಿ. ಇವಳ ಮಡಕೆ ಬತ್ತಿದರೆ ಲಾಭ ಯಾರಿಗೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೇತುವೆಯಾಚೆ ಬೇರೆ ರಾಜ್ಯ, ಬೇರೆ ಸರ್ಕಾರ. ಒಂದೇ ಕಾರ್ಖಾನೆಯ ಅದೇ ಬಾಟಲಿ ನದಿ ದಾಟಿ ಈಚೆ ಬಂದರೆ ಬೆಲೆ ಇಮ್ಮಡಿ. ನಡುವೆ ಅದಕ್ಕೆ ಸೇರಿದ್ದು ತೆರಿಗೆ ಮಾತ್ರ. ಈಚೆಯ ಸರ್ಕಾರ ಅದನ್ನು ಮತ್ತೆ ಏರಿಸಿ, ಜನರ ಆರೋಗ್ಯಕ್ಕಾಗಿ ಎಂದಿತು. ಜನರೆಂದರೆ ಇಟ್ಟಿಗೆ ಹೊರುವವರು, ಮೂಟೆ ಇಳಿಸುವವರು, ಚರಂಡಿಗೆ ಇಳಿಯುವವರು. ಕ್ಲಬ್ಬಿನ ಮೆತ್ತನೆಯ ಕುರ್ಚಿಯಲ್ಲಿ ಕುಳಿತವರ ಆರೋಗ್ಯದ ಮೇಲೆ ಯಾವ ಸರ್ಕಾರಕ್ಕೂ ಇಷ್ಟೊಂದು ಪ್ರೀತಿ ಉಕ್ಕಿದ್ದಿಲ್ಲ. ಪುರುಸೊತ್ತಿದ್ದವರು ಬಸ್ಸು ಹತ್ತಿ ಆಚೆ ಹೋಗಿ ಕುಡಿದು ಬಂದರು. ಇಲ್ಲದವರು ಈ ಗುಡಿಸಲಿನ ಬೆಂಚಿಗೆ ಬಂದರು.

ಕಳ್ಳಿಗೂ ತೆರಿಗೆಯಿತ್ತು, ಮರದ ಮೇಲೆ. ಕಾಂಡಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆಸಿಕೊಂಡ ತೆಂಗಿನ ಮರ ಕಳ್ಳು ಕೊಟ್ಟರೂ ತೆರಿಗೆ, ಕೊಡದಿದ್ದರೂ ತೆರಿಗೆ. ಮರ ಒಣಗಿತೆಂದು ಗೊತ್ತಾದರೆ ಅಧಿಕಾರಿ ಬಂದು ನಂಬರು ಅಳಿಸುತ್ತಾನೆ. ನಂಬರು ಹೋದರೆ ಪರವಾನಗಿ ಹೋಯಿತು, ಪರವಾನಗಿ ಹೋದರೆ ಗುಡಿಸಲು ಹೋಯಿತು.

ಇಂಥ ಹೊತ್ತಿನಲ್ಲೇ, ಮರ ಹತ್ತಿ ಕಳ್ಳು ಇಳಿಸುತ್ತಿದ್ದ ಅವಳ ಗಂಡ ಕೈ ಮುರಿದುಕೊಂಡಿದ್ದ. ಮರದಿಂದ ಬಿದ್ದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಬದುಕಿಡೀ ಆಕಾಶದಲ್ಲಿ ಕಳೆದವನು ತನ್ನದೇ ಹೊಸ್ತಿಲಲ್ಲಿ ಜಾರಿದ. ಮುರಿದದ್ದು ಎಡಗೈ. ಅವನು ಎಡಚ. ಕಳ್ಳು ಸುರಿಯುವ ಹೊಂಬಾಳೆಯ ತುದಿಯನ್ನು ದಿನಕ್ಕೆರಡು ಹೊತ್ತು ತೆಳ್ಳಗೆ ಸವರದಿದ್ದರೆ ಗಾಯ ಒಣಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಸವರಿದರೂ ಮೊದಲಿನ ಓರೆಯಲ್ಲೇ ಸವರಬೇಕು. ಅವಳ ಮರಗಳೆಲ್ಲ ಎಡಗೈಯ ಓರೆಗೆ ಒಗ್ಗಿದವು. ಕೂಲಿಗೆ ಕರೆದ ಆಳು ಬಲಗೈಯಲ್ಲಿ ಕೊಯ್ದ ಮರ ಮರುದಿನವೇ ಮುನಿಸಿಕೊಂಡು ನಿಂತಿತು.

ಸುದ್ದಿ ಸೇತುವೆ ದಾಟಿತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಭಾವ ಬಂದಿಳಿದ. ಇದು ಕೋತಿ ಕೆಲಸವೆಂದು ಹರೆಯದಲ್ಲೇ ಮರ ಬಿಟ್ಟು ಹೋದವನು. ತಮ್ಮನೊಡನೆ ಮಾತೂ ಅಷ್ಟಕ್ಕಷ್ಟೇ. ಬಂದವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಕತ್ತಿ ಎಲ್ಲಿದೆ ಎಂದಷ್ಟೇ ಕೇಳಿದ.

"ಅಣ್ಣಂದು ಬಲಗೈ ಕಣೇ," ಎಂದಿದ್ದ ಗಂಡ, ಒಳಗಿನ ಮಂಚದಲ್ಲಿ ಪಿಸುಗುಟ್ಟುತ್ತ. "ಕತೆ ಮುಗೀತು."

"ಮತ್ತೆ ಬೇಡ ಅನ್ನಿ."

"ಬಸ್ಸು ಹತ್ತಿ ಬಂದವನಿಗೆ ಬೇಡ ಅನ್ನೋದು ಹೇಗೆ? ನೀನೇ ಹೇಳು."

ಅವಳೂ ಹೇಳಲಿಲ್ಲ. ಭಾವ ಬೆಳಿಗ್ಗೆ ಬರುತ್ತಿದ್ದ, ಮತ್ತೆ ಊಟದ ಬಿಡುವಿನಲ್ಲಿ ಓಡಿ ಬರುತ್ತಿದ್ದ. ಮಡಕೆಗಳು ತುಂಬುತ್ತಲೇ ಇದ್ದವು. ಹೇಗೆ ತುಂಬುತ್ತವೆ? ಆ ಪ್ರಶ್ನೆ ಅವಳ ನಿದ್ದೆ ಕೆಡಿಸಿತ್ತು.

ಇವತ್ತು ಅವಳು ಮಡಕೆಯನ್ನು ನೆಲಕ್ಕಿಟ್ಟು, ಬೇಲಿಯವರೆಗೂ ಹಿಂದೆ ಸರಿದು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

ಗರಿಗಳ ನಡುವೆ ಭಾವ ತೊಡೆಯಲ್ಲಿ ಮರ ಬಿಗಿದು ಕೂತಿದ್ದ. ಕತ್ತಿ ಎಡಗೈಯಲ್ಲಿತ್ತು. ಅಕ್ಷರ ತಿದ್ದುವ ಮಗುವಿನಂತೆ ನಾಲಿಗೆಯ ತುದಿ ಕಚ್ಚಿಕೊಂಡು, ಉಸಿರು ಹಿಡಿದು, ಒಂದೊಂದೇ ಎಳೆ ಸವರುತ್ತಿದ್ದ. ಹೊಂಬಾಳೆ ಹಿಡಿದ ಬಲಗೈಯ ಬೆರಳುಗಳಿಗೆಲ್ಲ ಚಿಂದಿ ಸುತ್ತಿತ್ತು. ಕತ್ತಿ ಜಾರಿತು. ಅವನು ಕೈ ಕೊಡವಿ, ಹೆಬ್ಬೆರಳನ್ನು ಬಾಯಿಗಿಟ್ಟು ಚೀಪಿ, ಮತ್ತೆ ಅದೇ ಓರೆಗೆ ಕತ್ತಿ ಇಟ್ಟ.

ಅವನು ಇಳಿದು ಬರುವಷ್ಟರಲ್ಲಿ ಅವಳು ಉಪ್ಪು ಹಾಕಿದ ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದಳು.

"ಕೈಗೇನಾಯ್ತು ಭಾವ?"

"ಬಾಟ್ಲಿ ಒಡೀತು. ಅಂಗಡೀಲಿ ಇದ್ದದ್ದೇ."

"ಬಾಟ್ಲಿ ಮರದ ಮೇಲಿತ್ತಾ?"

ಸಿಕ್ಕಿಬಿದ್ದವನ ಹಾಗೆ ಅವನು ಒಳಕೋಣೆಯ ಕಡೆ ನೋಡಿದ. "ಅವನಿಗೆ ಹೇಳ್ಬೇಡಮ್ಮ. ಎಡಚ ಎಡಚ ಅಂತ ರೇಗಿಸಿ ಅವನನ್ನ ಅಳಿಸ್ತಿದ್ದವನು ನಾನು. ಈಗ ಗೊತ್ತಾದ್ರೆ ಸಾಯೋವರೆಗೂ ಬಿಡ್ತಾನಾ?"

"ನಿಮ್ಮ ಯಜಮಾನರಿಗೆ ಗೊತ್ತಾ, ಇಲ್ಲಿಗೆ ಬರೋದು?"

"ಗೊತ್ತಾಗದೆ? ನನ್ನ ಸಂಬಳ ತಿಂದು ಕಳ್ಳಂಗಡಿಗೆ ದುಡೀತೀಯಾ ಅಂದ. ಊಟದ ಬಿಡುವು ನಂದು ಸ್ವಾಮಿ, ಅದಕ್ಕಿನ್ನೂ ಯಾವ ಸರ್ಕಾರಾನೂ ತೆರಿಗೆ ಹಾಕಿಲ್ಲ ಅಂದೆ."

"ಹಾಗಾದ್ರೆ ಊಟ?"

"ಅದು ಬಿಡು."

ಅನುಮಾನಪಟ್ಟ ನಾಲಿಗೆಯನ್ನು ಕಚ್ಚಿಕೊಂಡು ಅವಳು ಚಿಂದಿಗಳನ್ನು ಒಂದೊಂದಾಗಿ ನೆನೆಸಿ ಬಿಚ್ಚಿದಳು. ಹಳೆಯ ಗಾಯ, ಹೊಸ ಗಾಯ, ಎಲ್ಲ ಒಂದೇ ಓರೆ. ಗಂಡನ ಒಗೆದ ಪಂಚೆಯ ಅಂಚು ಹರಿದು ಬೆರಳುಗಳಿಗೆ ಸುತ್ತಿದಳು. ಗಂಟು ಹಾಕುವಾಗ ಕಣ್ಣು ಮಂಜಾಗಿ, ಗಂಟು ಬಿಗಿಯಾಯಿತು.

"ಅಯ್ಯೋ, ನಿಧಾನ! ಕೈ ಇರೋದು ಎರಡೇ," ಎಂದ ಭಾವ.

"ಮಧ್ಯಾಹ್ನ ಇಲ್ಲೇ ಉಣ್ಬೇಕು. ಇಲ್ಲಾಂದ್ರೆ ಮರ ಹತ್ತೋಕೆ ಬಿಡಲ್ಲ," ಎಂದಳು. ಅವಳ ಕೃತಜ್ಞತೆಗೆ ಸಿಕ್ಕಿದ ಮಾತು ಅದೊಂದೇ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಮೂಲೆಯಲ್ಲಿ ಕೂತ ಭಾವನ ತಲೆ ಗೋಡೆಗೆ ಒರಗಿತು. ಕ್ಷಣದಲ್ಲಿ ಬಾಯಿ ತೆರೆದು ನಿದ್ದೆ ಹೋದ.

ಕೆಲಸಕ್ಕೆ ಹೊರಟ ಗಿರಾಕಿಗಳು ಬರತೊಡಗಿದರು. ಎಲ್ಲರಿಗಿಂತ ದೊಡ್ಡ ಗಂಟಲಿನ ಗಾರೆಯವನು ದಾರಿಯಿಂದಲೇ ಕೂಗುತ್ತ ಬಂದ: "ಕೇಳಿದ್ರೇನ್ರಯ್ಯಾ, ತೆರಿಗೆ ಮತ್ತೆ ಏರಿಸ್ತಾರಂತೆ! ಮೈಕೈ ನೋವು ಮರೆಯೋಕೂ ಇವರಿಗೆ ಪಾಲು..."

ಅಂಗಡಿಯವಳು ತುಟಿಯ ಮೇಲೆ ಬೆರಳಿಟ್ಟಳು. ಅವನು ಮೂಲೆಯತ್ತ ನೋಡಿ, ದನಿ ತಗ್ಗಿಸಿ ಕೇಳಿದ, "ಯಾರದು?"

"ನಮ್ಮ ಭಾವ."

ಗಾರೆಯವನು ನಿದ್ದೆಹೋದವನ ಬೆರಳುಗಳನ್ನು ನೋಡಿದ, ಹೊರಗಿನ ಮರವನ್ನು ನೋಡಿದ. ಸಲಕರಣೆಯ ಚೀಲವನ್ನು ಮೆಲ್ಲಗೆ ಹೊರಗೇ ಇಳಿಸಿ ಬಂದು ಲೋಟ ಎತ್ತಿ ಕುಡಿದ. ಲೋಟವನ್ನು ಹಲಗೆಯ ಮೇಲೆ ಮರಳಿಸುವಾಗ ಸದ್ದಾಗದಂತೆ ಮೊದಲು ತನ್ನ ಕಿರುಬೆರಳನ್ನು ಅದರಡಿಗೆ ಕೊಟ್ಟ.