ಏಳು ನಲವತ್ತರ ಚೀಟಿ

“ಏ ಮುಂಡೆ, ಕೆಂಪು ದೀಪ ಉರೀತಿರೋದು ಕಾಣಲ್ವಾ? ನಿನ್ ಬಕೆಟ್ ಸದ್ದು ಊರಿಗೆಲ್ಲ ಕೇಳಿಸ್ಬೇಕಾ?”

ಸಾಹೇಬ ಹಲ್ಲು ಕಡಿದ. ಆ ದೀಪ ಉರಿದರೆ ಒಳಗೆ ಪ್ರಸಾರ ನಡೆಯುತ್ತಿದೆ ಎಂದರ್ಥ. ನಾನು ನೆಲ ಒರೆಸುವ ಬಟ್ಟೆಯನ್ನು ಹಿಂಡದೆ ಹಾಗೇ ಹಿಡಿದು ನಿಂತೆ. ಮೂರು ವಾರದ ಹಿಂದೆ ಇವನ ಬಾಯಲ್ಲಿ ನಾನು ‘ಕೋತಿ ಹೆಂಡ್ತಿ’ ಆಗಿದ್ದೆ. ನನ್ನ ಗಂಡ ಈ ರೇಡಿಯೋ ಕೇಂದ್ರದ ಟವರ್ ಹತ್ತುತ್ತಿದ್ದ, ಅದಕ್ಕೆ ಆ ಹೆಸರು. ಈಗ ಮುಂಡೆಯಾಗಿದ್ದೇನೆ. ಈ ಬಡ್ತಿ ಕೊಟ್ಟವನೂ ಇವನೇ.

ಅವತ್ತು ಟವರಿನ ತುದಿಯ ದೀಪ ಬದಲಿಸಬೇಕಿತ್ತು. ಪ್ರಸಾರ ನಡೆಯುತ್ತಿರುವಾಗ ಅಲ್ಲಿ ಕೈ ಹಾಕಿದರೆ ಸುಡುತ್ತದೆ. ಯಂತ್ರ ಆರಿಸಿ ಆಮೇಲೆ ಹತ್ತುವುದು ಕ್ರಮ.

“ಹತ್ತು ನಿಮಿಷ ಆರ್ಸಿ ಸ್ವಾಮಿ,” ಎಂದು ನನ್ನ ಗಂಡ ಕೇಳಿದ.

ಮೊದಲೇ ಧ್ವನಿಮುದ್ರಿಸಿಟ್ಟಿದ್ದ ಸಾಹೇಬನ ಭಾಷಣ ಆಗ ಪ್ರಸಾರವಾಗುತ್ತಿತ್ತು, ದುಡಿಮೆಯ ಘನತೆಯ ಬಗ್ಗೆ.

“ನನ್ ಮಾತು ಕಟ್ ಮಾಡ್ಬೇಕೇನೋ ಬೋಳಿಮಗನೇ? ಮುಚ್ಕೊಂಡು ಹತ್ತು.”

ಹತ್ತಿದ. ನಾನು ಅಂಗಳ ಗುಡಿಸುತ್ತಿದ್ದೆ. ಬಿದ್ದ ಸದ್ದಿಗೆ ತಿರುಗಿದೆ. ಭಾಷಣ ಮಾತ್ರ ನಿಲ್ಲಲಿಲ್ಲ.

ಸತ್ತವನನ್ನು ಸಾಯಲೂ ಇವರು ಬಿಡಲಿಲ್ಲ. ಹಳ್ಳಿಯವರಿಗೆ ಹಿಡಿಸುವ ಒರಟು ದನಿ ಎಂದು ಹಿಂದೊಮ್ಮೆ ಅವನಿಂದ ಪುಕ್ಕಟೆಯಾಗಿ ಒಂದು ಸಾಲು ಹೇಳಿಸಿಕೊಂಡಿದ್ದರು. ಈಗಲೂ ಗಂಟೆಗೊಮ್ಮೆ ಹಾಕುತ್ತಾರೆ: “ಕೇಳ್ತಾ ಇರಿ, ನಮ್ಮನ್ನ ಬಿಟ್ಟು ಎಲ್ಲೂ ಹೋಗ್ಬೇಡಿ.” ಕ್ಷೌರದಂಗಡಿಯಿಂದ, ಬಸ್ಸಿನಿಂದ, ಪಕ್ಕದ ಮನೆಯ ಅಡುಗೆಕೋಣೆಯಿಂದ ನನ್ನ ಗಂಡ ಮಾತಾಡುತ್ತಾನೆ. ಮೊದಲ ದಿನ “ಹೂಂ” ಅಂದುಬಿಟ್ಟಿದ್ದೆ. ಈಗ ಗಂಟೆ ಹತ್ತಿರ ಬಂದರೆ ಕಿವಿ ಮುಚ್ಚಿಕೊಳ್ಳುತ್ತೇನೆ. “ಅಪ್ಪ ಅದ್ರೊಳಗೆ ಸಿಕ್ಕಾಕೊಂಡಿದ್ದಾನೇನಮ್ಮ?” ಎಂದು ಮಗಳು ಕೇಳುತ್ತಾಳೆ.

ಸುತ್ತಲ ಹಳ್ಳಿಗಳ ಸಾವಿನ ಸುದ್ದಿಯನ್ನು ಇಲ್ಲಿ ಬೆಳಿಗ್ಗೆ ಏಳು ನಲವತ್ತಕ್ಕೆ ಓದುತ್ತಾರೆ. ಅವನದನ್ನೂ ಓದಿಸಿ ಎಂದು ಸಾಹೇಬನ ಕಾಲು ಹಿಡಿದಿದ್ದೆ.

“ನಮ್ ಟವರಿಂದ ಬಿದ್ದು ಸತ್ತ ಅಂತ ಓದಿಸ್ಲಾ? ಅವ್ನು ನಮ್ಮೋನೇ ಅಲ್ಲ, ಕಂಟ್ರಾಕ್ಟರ್ ಕಡೆಯೋನು.”

“ದನಿ ಮಾತ್ರ ನಿಮ್ದಾ ಸ್ವಾಮಿ?”

“ನಾಳೆಯಿಂದ ಕೆಲ್ಸ ಬೇಕೋ ಬೇಡ್ವೋ?”

ಇವತ್ತು ಮೇಜು ಒರೆಸುವಾಗ, ಹಳ್ಳಿಗಳಿಂದ ಬಂದ ಸಾವಿನ ಸುದ್ದಿಯ ಚೀಟಿಗಳ ನಡುವೆ ನನ್ನದನ್ನೂ ಸೇರಿಸಿದ್ದೆ. ಅಕ್ಷರ ಸೊಟ್ಟ, ಆದರೆ ಹಳ್ಳಿಯಿಂದ ಬರುವವೂ ಹಾಗೇ ಇರುತ್ತವೆ. ಓದುವ ಅಕ್ಕ ಯಾವುದನ್ನೂ ಮೊದಲೇ ನೋಡಿಕೊಳ್ಳುವವಳಲ್ಲ. ಒಂದೊಂದೇ ಎತ್ತಿ ಎರಡೆರಡು ಸಲ ಓದುತ್ತಾಳೆ, ಅರ್ಧ ಕೇಳಿಸಿಕೊಂಡವರಿಗೆ ಪೂರ್ತಿ ತಿಳಿಯಲಿ ಎಂದು. ಅದಕ್ಕೇ ಬೈಸಿಕೊಂಡರೂ ನಾನು ಅವಳು ಓದುವ ಕೋಣೆಯ ಗಾಜಿನ ಮುಂದಿನಿಂದ ಕದಲಲಿಲ್ಲ.

ನನ್ನ ಚೀಟಿ ಅವಳ ಕೈಗೆ ಬಂತು.

“ಗಂಟೆಗೊಮ್ಮೆ ಇಲ್ಲಿ ನೀವು ಕೇಳುವುದು ಸತ್ತವನ ದನಿ. ಯಂತ್ರ ಆರಿಸದೆ ಟವರ್ ಹತ್ತಿಸಿದ್ದಕ್ಕೆ ಕೈ ಸುಟ್ಟು, ಬಿದ್ದು ಸತ್ತ. ಹತ್ತಿಸಿದ್ದು... ಈ ಕೇಂದ್ರದ ಸಾಹೇಬರು.”

ಕೊನೆಗೆ ಅವಳ ದನಿ ತಡವರಿಸಿತು. ಸಾಹೇಬ ಗಾಜಿಗೆ ಗುದ್ದುತ್ತಾ ಹರಿದುಹಾಕು ಎಂದು ಸನ್ನೆ ಮಾಡಿದ. ಅಕ್ಕ ಕನ್ನಡಕ ತೆಗೆದು ಅವನನ್ನು ನೋಡಿದಳು, ಆಮೇಲೆ ನನ್ನನ್ನು.

“ಆರ್ಸ್ರೋ ಯಂತ್ರ!” ಎನ್ನುತ್ತಾ ಸಾಹೇಬ ಯಂತ್ರದ ಕೋಣೆಗೆ ಓಡಿದ. ಅಷ್ಟರಲ್ಲಿ ನಾನು ಆ ಬಾಗಿಲಿಗೆ ಅಡ್ಡ ನಿಂತಿದ್ದೆ.

“ತೊಲಗೇ ಸೂಳೆ!”

“ಇನ್ನೊಂದ್ ಸಲ ಓದ್ಲಿ, ತಡೀರಿ ಸ್ವಾಮಿ.”

ಮುಖಕ್ಕೆ ಹೊಡೆದ. ಬಾಯಲ್ಲಿ ರಕ್ತ ಬಂತು. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡೆ.

ಯಂತ್ರದ ಕೋಣೆಯ ಸ್ಪೀಕರಿನಲ್ಲಿ ಅಕ್ಕ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. “ಮತ್ತೊಮ್ಮೆ ಕೇಳಿ,” ಎಂದಳು.