ದಿಂಬು ಮೂಸುವ ಅರ್ಜುನಪ್ಪ ಮಾಸ್ತರರು

ಅರ್ಜುನಪ್ಪ ಮಾಸ್ತರರು ಲಾಡ್ಜಿನ ಕೋಣೆಯೊಳಗೆ ಕಾಲಿಟ್ಟರೆಂದರೆ ಮೊದಲು ಮಾಡುವ ಕೆಲಸ ದಿಂಬು ಮೂಸುವುದು. ಕಣ್ಣು ಮುಚ್ಚಿ, ಪರಮ ಗಾಂಭೀರ್ಯದಿಂದ ಮೂಸಿ, ಮಂಚದ ಮೇಲೆ ಧೊಪ್ಪನೆ ಕೂತು, ಎದ್ದು, ನಳ ತಿರುವಿ, ಫ್ಯಾನು ಹಚ್ಚಿ, ಕಿಟಕಿ ತೆರೆದು, ಕೊನೆಗೆ ಹೊಸ್ತಿಲಲ್ಲಿ ನಿಂತು ತೀರ್ಪು ಕೊಡುತ್ತಾರೆ: "ಗುಣಾನೂ ಅದಾವ್ರಿ, ದೋಷಾನೂ ಅದಾವ್ರಿ." ಇದಕ್ಕಿಂತ ಖಚಿತವಾದ ತೀರ್ಪನ್ನು ಅವರ ಬಾಯಿಂದ ನಾನಂತೂ ಕೇಳಿಲ್ಲ.

ಹುಬ್ಬಳ್ಳಿಯ ನವನಗರದಲ್ಲಿ ಅವರದು ನಮ್ಮ ಪಕ್ಕದ ಮನೆ. ಸಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು, ಊರೂರಿನ ಅಗ್ಗದ ಲಾಡ್ಜುಗಳಲ್ಲಿ ಮಲಗೆದ್ದು ನಿವೃತ್ತರಾದ ಈ ಮಹಾನುಭಾವರು ಬೇಸಿಗೆಯಲ್ಲೂ ಕಳಚದ ಕಂದು ಕೋಟಿನ ಕಿಸೆಯಲ್ಲಿ, ಅಂಥ ಲಾಡ್ಜುಗಳಲ್ಲಿ ಏನೇನು ಇರುವುದಿಲ್ಲವೋ ಅದೆಲ್ಲ ಇರುತ್ತದೆ: ಬಟ್ಟೆ ಒಣಹಾಕುವ ಹಗ್ಗ, ಗೋಡೆಗೆ ಹೊಡೆಯಲು ಮೊಳೆ, ಸೋರುವ ನಳಕ್ಕೆ ಸುತ್ತಲು ಚಿಂದಿ. ಹೀಗಾಗಿ ಅವರು ಬರುವುದಕ್ಕಿಂತ ಮೊದಲೇ ಅವರ ಕೋಟಿನ ಸದ್ದು ಬರುತ್ತದೆ.

ಕಳೆದ ವರ್ಷ ಅವರ ಮಗ ಪ್ರಬುದ್ಧನ ಮದುವೆ ಗೊತ್ತಾಯಿತು. ಮನೆಯೋ ಚಿಕ್ಕದು, ನೆಂಟರಿಗೆಲ್ಲ ನೆಲದ ಮೇಲೆಯೇ ಹಾಸಿಗೆ. ಮುಗದ ಎಂಬ ಹಳ್ಳಿಯಿಂದ ಬರಲಿದ್ದ ಮಾಸ್ತರರ ಅಕ್ಕ ಸಾವಕ್ಕನಿಗೆ ಮಾತ್ರ ಮೊಣಕಾಲು ನೋವು, ನೆಲದಲ್ಲಿ ಮಲಗಿದರೆ ಏಳಲಾರರು. ಲಾಡ್ಜಿನಲ್ಲಿ ಇಳಿಸೋಣವೆಂದರೆ ಆಕೆ ಸಾಮಾನ್ಯರಲ್ಲ. ಹಿಂದೊಮ್ಮೆ ಬಂಧುಗಳ ಮದುವೆಯಲ್ಲಿ ತನ್ನನ್ನು ಕೊನೆಯ ಪಂಕ್ತಿಗೆ ಕೂಡಿಸಿದರೆಂದು ಉಣ್ಣದೆ ಬಸ್ಸು ಹತ್ತಿದವರು. ಅವರ ಮನೆತನದಲ್ಲಿ ಮದುಮಗನಿಗೆ ಮೊದಲ ಅರಿಶಿಣ ಹಚ್ಚುವ ಕೈ ಸೋದರತ್ತೆಯದು. ಆ ಕೈಯೇ ಮುನಿಸಿಕೊಂಡು ಹೋದರೆ ಮದುವೆಗೆ ಕಳೆಯೆಲ್ಲಿಯದು?

ಮಾಸ್ತರರ ಸ್ಕೂಟರಿನ ಹಿಂದೆ ಕೂತು ಹುಬ್ಬಳ್ಳಿಯ ಲಾಡ್ಜುಗಳನ್ನೆಲ್ಲ ಸುತ್ತಿ ನಾನು ಹಣ್ಣಾದೆ. ಕೊನೆಗೆ ಬೆಂಗೇರಿಯಲ್ಲಿ ಇಸ್ತಿಯಾಕ ಎಂಬವರು ನಡೆಸುವ ಲಾಡ್ಜೊಂದು ಮನಸ್ಸಿಗೆ ಬಂತು. ಮೆಟ್ಟಿಲಿಲ್ಲ, ಮಂಚ ಎತ್ತರ, ಬಿಸಿನೀರುಂಟು. ಆದರೆ ಕಿಟಕಿಯಾಚೆ ಗ್ಯಾರೇಜು, ಬೆಳಗಾದರೆ ಸುತ್ತಿಗೆಯ ಸಪ್ಪಳ. ಇಷ್ಟನ್ನು ತೂಗಲು ಅವರು ಚಹಾದ ಮೇಲೆ ಚಹಾ ಕುಡಿಯುತ್ತ ಕೂತಾಗ ನಾನು ರೇಗಿದೆ. ಒಂದು ಕೋಣೆ ಹಿಡಿಯಲು ಇಷ್ಟು ಮೀನಮೇಷ ಎಣಿಸುವುದೇ?

"ನನಗಾಗಿದ್ರ ಹೆಂಗರ ನಡೀತಿತ್ರಿ," ಎಂದರು ಮೆತ್ತಗೆ. "ಇದು ಅಕ್ಕಗ."

ಅಕ್ಕ ಬಂದರು. ಆಟೋ ನಿಂತಿತು, ಲಾಡ್ಜಿನ ಬೋರ್ಡು ಕಂಡದ್ದೇ ತಡ, ಸೆರಗು ಬಿಗಿದು ಕೂತುಬಿಟ್ಟರು.

"ತಮ್ಮನ ಮನಿ ಬಿಟ್ಟು ನಾ ಲಾಡ್ಜಿನ್ಯಾಗ ಇರಬೇಕೇನೋ? ಗಾಡಿ ಹೊಳ್ಳಸ್ರಿ, ನಾ ಮುಗದಕ್ಕ ಹೋಗತೇನಿ."

ಮಾಸ್ತರರು ಬಿಸಿನೀರು, ಎತ್ತರದ ಮಂಚ ಎಂದು ಗುಣಗಳನ್ನು ಒಂದೊಂದಾಗಿ ಹೇಳತೊಡಗಿದರು. ಅಕ್ಕನ ಮುಖ ಇನ್ನಷ್ಟು ಬಿಗಿಯಿತು. ಆಗ ಈ ಮನುಷ್ಯ ಮಾತು ನಿಲ್ಲಿಸಿ, ನಾನೆಂದೂ ಕಾಣದ ಕೆಲಸ ಮಾಡಿದರು. ಕೋಟು ಕಳಚಿದರು. ಒಳಗೆ ಹೋಗಿ, ಮೊಳೆ ಹೊಡೆದು, ಕೋಟನ್ನೂ ಅಂಗಿಯನ್ನೂ ತೂಗುಹಾಕಿ, ಬನಿಯನ್ನಿನಲ್ಲೇ ಬಂದು ಆಟೋದ ಮುಂದೆ ನಿಂತರು.

"ನಾನೂ ಇಲ್ಲೇ ಇರತೇನಿ, ಅಕ್ಕಾ. ಮದಿವಿ ಮುಗಿಯೂತನಕ ಇದೇ ನಮ್ಮ ಮನಿ."

ಸಾವಕ್ಕ ಅವರನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಗೊಣಗುತ್ತ ಇಳಿದರು. ಒಳಗೆ ಹೋದವರೇ ದಿಂಬು ಎತ್ತಿ, ಕಣ್ಣು ಮುಚ್ಚಿ ಮೂಸಿದರು.

"ಛಲೋ ಒಗದಾರ," ಎಂದರು.

ಮಾಸ್ತರರ ವಿದ್ಯೆಯ ಮೂಲಪೀಠ ಯಾವುದೆಂದು ನನಗೆ ಅಂದು ತಿಳಿಯಿತು.

ಮರುದಿನ ಬೆಳಿಗ್ಗೆ ನವನಗರದ ಮನೆಯಲ್ಲಿ ಇಳಿದಿದ್ದ ಬೀಗರು-ಬಿಜ್ಜರು ಟೆಂಪೋ ಹತ್ತಿ ಲಾಡ್ಜಿಗೇ ಬಂದರು, ನಡುವೆ ಮದುಮಗ. ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಹಾಡು ಎತ್ತಿಕೊಂಡಾಗ ಗ್ಯಾರೇಜಿನ ಸುತ್ತಿಗೆಗಳೂ ಸುಮ್ಮನಾದವು. ಸಾವಕ್ಕ ಮಂಚದ ಮೇಲೆ ಕೂತೇ ಪ್ರಬುದ್ಧನ ಕೆನ್ನೆಗೆ ಮೊದಲ ಅರಿಶಿಣ ಹಚ್ಚಿದರು. ಉಳಿದದ್ದನ್ನು ತಮ್ಮನ ಕೆನ್ನೆಗೆ ಒರೆಸಿದರು. ಬಿಳಿ ಚಾದರ ಹಳದಿಯಾದುದನ್ನು ಕಂಡು ಇಸ್ತಿಯಾಕರು ಹೌಹಾರಿದರೆ, ಮಾಸ್ತರರು ಹಳದಿ ಮುಖದಲ್ಲೇ ಸಮಾಧಾನ ಹೇಳಿದರು: "ಇನ್ನ ಮ್ಯಾಲೆ ಗಿರಾಕಿಗೆ ಇದನ್ನೂ ಗುಣದಾಗ ಸೇರಿಸಿ ಹೇಳ್ರಿ."

ಸಣ್ಣ ಸಂಗತಿಯನ್ನೂ ಅಳೆದು ಸುರಿದು ನೋಡುವವರನ್ನು ಕಂಡು ನಾವು ನಗುತ್ತೇವೆ, ನಗಲೂಬೇಕು. ಆದರೆ ಇಂಥವರು ತಮ್ಮ ಸುಖಕ್ಕಾಗಿ ತಕ್ಕಡಿ ಹಿಡಿದವರಲ್ಲ. ಮತ್ತೊಬ್ಬರ ನಿದ್ದೆ ಕೆಡಬಾರದೆಂದು ಎಚ್ಚರವಿದ್ದು ತೂಗುವವರು. ಎಷ್ಟು ಗುಣಗಳನ್ನು ಹೇರಿದರೂ ತೂಕ ಸಾಲದಾದಾಗ, ಕೋಟು ಕಳಚಿಟ್ಟು ತಾವೇ ತಟ್ಟೆಯಲ್ಲಿ ಕೂತುಬಿಡುತ್ತಾರೆ.